ನಾನೂರ ಹದಿಮೂರನೆಯ ಪುಟ

ಹದಿನಾಲ್ಕನೆಯ ಪುಸ್ತಿಕೆಯ ಬಾಲದಲ್ಲಿ ಇರಬೇಕಾಗಿದ್ದ ಮೂರು ಸಾಲು ಹದಿನೈದನೆಯ ಪುಸ್ತಿಕೆಯ ನೆತ್ತಿಯ ಮೇಲೆ ಕೂತಿದ್ದವು.

ಆಸ್ಪತ್ರೆಗೆಂದು ವಾರ್ಡಿಗೊಂದರಂತೆ ಅಚ್ಚಾದ ಆ ಎರಡು ಔಷಧ ಪುಸ್ತಿಕೆಗಳನ್ನೂ ಕರಡಮ್ಮ ಪ್ರೆಸ್ಸಿನ ಯಜಮಾನರ ಮೇಜಿನ ಮೇಲೆ ಅಕ್ಕಪಕ್ಕ ಬಿಡಿಸಿಟ್ಟಳು. ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಅದನ್ನು ಮೇಲೆ ತಳ್ಳುವ ಗೋಜಿಗೆ ಹೋಗಲಿಲ್ಲ.

"ಇಲ್ಲಿ ಮದ್ದಿನ ಅಳತೆ ಇದೆ. ಪಕ್ಕದಲ್ಲಿ ಸಣ್ಣದೊಂದು ನಕ್ಷತ್ರ. ಆ ನಕ್ಷತ್ರದ ಅರ್ಥ ಏನು ಅನ್ನೋದು ಇದರಲ್ಲಿಲ್ಲ, ಅದರಲ್ಲಿದೆ." ಇನ್ನೊಂದು ಪುಸ್ತಿಕೆಯ ಮೇಲೆ ಬೆರಳಿಟ್ಟಳು. "ಓದ್ತೀನಿ ಕೇಳಿ. ಈ ಅಳತೆ ಹತ್ತು ಪಾಲು ದ್ರವದಲ್ಲಿ ಬೆರೆಸಿದ ಮದ್ದಿನದು. ಬೆರೆಸದೆ ಕೊಡಕೂಡದು. ನಿಧಾನವಾಗಿ ಕೊಡಬೇಕು. ಅಷ್ಟೇ, ಮೂರು ಸಾಲು. ಅಳತೆ ಹೃದಯದ ವಾರ್ಡಿಗೆ ಹೋಯ್ತು, ಎಚ್ಚರಿಕೆ ಕಣ್ಣಿನ ವಾರ್ಡಿಗೆ ಹೋಯ್ತು. ನಡುವೆ ಮೂರು ಮಹಡಿ."

"ಗೊತ್ತಿರೋದನ್ನೇ ಎಷ್ಟು ಸಲ ತೋರಿಸ್ತೀರಮ್ಮಾ," ಎಂದರು ಯಜಮಾನರು.

ಅವರಿಗೂ ಗೊತ್ತಿತ್ತು, ಊರಿಗೂ ಗೊತ್ತಿತ್ತು. ಹೃದಯದ ವಾರ್ಡಿಗೆ ತಿಂಗಳಿಗೊಮ್ಮೆ ಬಂದು ಹೋಗುತ್ತಿದ್ದ ಹೊಲಿಗೆಯ ಹೆಂಗಸೊಬ್ಬಳಿಗೆ, ಹೊಸದಾಗಿ ಬಂದ ನರ್ಸು ಪುಸ್ತಿಕೆ ನೋಡಿಕೊಂಡೇ ಬೆರೆಸದ ಚುಚ್ಚುಮದ್ದು ಕೊಟ್ಟು ಇವತ್ತಿಗೆ ಹನ್ನೊಂದು ದಿನ. ಆ ಹೆಂಗಸು ಮಂಚದಿಂದ ಏಳಲಿಲ್ಲ. ಪುಟ ಜೋಡಿಸಿದವನು ಲಾಕಪ್ಪಿಗೆ ಹೋಗಿದ್ದ. ನಾಳೆ ಬೆಳಗ್ಗೆ ಹನ್ನೊಂದಕ್ಕೆ ಅವನನ್ನು ಮತ್ತೆ ನ್ಯಾಯಾಧೀಶರ ಮುಂದೆ ನಿಲ್ಲಿಸುತ್ತಾರೆ.

ಅವನ ಅಕ್ಕ ಬಂದು ಬಾಗಿಲಲ್ಲಿ ನಿಂತು, "ನನ್ನ ತಮ್ಮ ಪುಟ ಬಿಡೋನಲ್ಲ, ನೀವೇ ಪತ್ತೆ ಮಾಡಿಕೊಡಬೇಕು" ಎಂದದ್ದಕ್ಕೆ ಕರಡಮ್ಮ ಈ ಕೆಲಸ ಹಿಡಿದಿದ್ದಳು. ನಲವತ್ತು ವರ್ಷ ಕರಡು ತಿದ್ದಿ ಕಣ್ಣು ಸವೆಸಿಕೊಂಡವಳು. ಹಾಗಾಗಿಯೇ ಕರಡಮ್ಮ. ಕೆಳಗಿನ ಮಿಷನ್ ಕೋಣೆಯವರು ಅವಳ ಬೆನ್ನ ಹಿಂದೆ ಕರಡಿಯಮ್ಮ ಅನ್ನುವುದೂ ಅವಳಿಗೆ ಗೊತ್ತಿತ್ತು. ಎದುರಿಗೆ ಅನ್ನಲಿ ಎಂದು ಕಾಯುತ್ತಿದ್ದಳು, ಯಾರೂ ಅಂದಿರಲಿಲ್ಲ.

"ಇದರಲ್ಲಿ ಪತ್ತೆ ಮಾಡೋದೇನಿದೆ?" ಯಜಮಾನರು ಕುರ್ಚಿಗೆ ಒರಗಿದರು. "ಲೆಕ್ಕ ತಪ್ಪಿದ. ಪುಸ್ತಕದ ಮೊದಲಲ್ಲಿ ಮುನ್ನುಡಿ, ವಿಷಯಸೂಚಿ ಅಂತ ಹದಿನಾರು ಪುಟಕ್ಕೆ ಬೇರೆ ಸಂಖ್ಯೆ ಇರುತ್ತೆ. ಅದನ್ನ ಕಳೆಯೋದು ಮರೆತ. ಈ ಕೆಲಸದಲ್ಲಿ ಯಾರು ಎಡವಿದರೂ ಅಲ್ಲೇ ಎಡವೋದು."

"ಹದಿನಾರು ಮರೆತರೆ ಹದಿನಾರು ಪುಟ ಸರೀಬೇಕಲ್ಲ. ಒಂದೇ ಪುಟ ಯಾಕೆ ಸರೀತು?"

"ಒಂದೋ, ಹದಿನಾರೋ. ತಪ್ಪು ತಪ್ಪೇ."

"ಸರಿ, ಒಂದು ಅಂತಲೇ ಇಟ್ಕೊಳ್ಳಿ." ಕರಡಮ್ಮ ಅವರ ಅಂಗಿಯ ಕಡೆ ಕೈ ತೋರಿಸಿದಳು. "ಮೇಲಿನ ಗುಂಡಿ ತಪ್ಪಾಗಿ ಹಾಕಿದರೆ ಕೆಳಗಿನವರೆಗೂ ತಪ್ಪೇ. ನಿನ್ನೆ ಇಡೀ ದಿನ ಇಪ್ಪತ್ತೇಳು ಪುಸ್ತಿಕೆ ಹರಡಿಕೊಂಡು ಕೂತಿದ್ದೆ. ಹದಿಮೂರರವರೆಗೆ ಅಚ್ಚುಕಟ್ಟು. ಹದಿನಾರರಿಂದ ಕೊನೇವರೆಗೂ ಅಚ್ಚುಕಟ್ಟು. ನಡುವೆ ಒಂದು ಗುಂಡಿ ಮಾತ್ರ ಪಕ್ಕದ ಕಾಜಾಕ್ಕೆ ಹೋಗಿದೆ. ಇದು ಲೆಕ್ಕದ ತಪ್ಪಲ್ಲ, ಯಜಮಾನರೇ. ಇದು ಕೈ."

ಯಜಮಾನರ ಕೈ ತಮಗೇ ತಿಳಿಯದಂತೆ ಅಂಗಿಯ ಗುಂಡಿಗೆ ಹೋಯಿತು.

"ಯಾರ ಕೈ?"

"ಅದಕ್ಕೇ ಬಂದಿರೋದು. ಅವನ ಜಾಗ ತೋರಿಸಿ."

ಅವನ ಜಾಗ ಎಂದರೆ ಮಹಡಿಯ ಮೂಲೆ. ಅವನನ್ನು ಎಲ್ಲರೂ ಅಲ್ಪವಿರಾಮ ಅನ್ನುತ್ತಿದ್ದರು. ಮಾತಿನ ನಡುವೆ ನಿಂತುಬಿಡುವ ಅಭ್ಯಾಸ. ಮುಂದಿನ ಪದ ಬರುವಷ್ಟರಲ್ಲಿ ಕೇಳುವವರು ಟೀ ಕುಡಿದು ಲೋಟ ತೊಳೆದಿಡಬಹುದು ಎಂಬ ತಮಾಷೆ ಇತ್ತು. ಹಾಗಾಗಿ ಜನ ಅವನನ್ನು ಮಾತಾಡಿಸುವುದನ್ನೇ ಬಿಟ್ಟಿದ್ದರು.

ಇಪ್ಪತ್ತು ವರ್ಷ ಕೂತು ಕೂತು ಕುರ್ಚಿಗೆ ಅವನ ಬೆನ್ನಿನ ಆಕಾರ ಬಂದಿತ್ತು. ಎದುರಿಗೆ ಗೋಡೆ. ಗೋಡೆಯ ಮೇಲೆ ಏನೂ ಇಲ್ಲ, ಒಂದು ಮೊಳೆ ಬಿಟ್ಟರೆ. ಒಂದೇ ಲೋಟ, ಒಂದೇ ಚಮಚ. ಬೆರಳುದ್ದಕ್ಕೆ ಸವೆದ ಪೆನ್ಸಿಲುಗಳನ್ನು ಎತ್ತರದ ಪ್ರಕಾರ ನಿಲ್ಲಿಸಿಟ್ಟಿದ್ದ. ಕುರ್ಚಿಯ ಪಕ್ಕದಲ್ಲಿ ಒಂದು ಸ್ಟೂಲು. ಅದರ ಮೇಲೆ ಯಾರೂ ಕೂರದಿದ್ದರೂ ಧೂಳಿರಲಿಲ್ಲ.

ಕರಡಮ್ಮ ಕುರ್ಚಿಯಲ್ಲಿ ಕೂತಳು. ಅಲ್ಲಿಂದ ಬಾಗಿಲು ಕಾಣುತ್ತಿರಲಿಲ್ಲ. ಯಾರು ಬಂದರು, ಯಾರು ಹೋದರು, ಯಾವುದೂ ತಿಳಿಯದು. ಅವಳ ಮನೆಯ ಕಿಟಕಿಯೂ ಹೀಗೇ, ಪಕ್ಕದ ಮನೆಯ ಗೋಡೆಗೆ ಮುಖ ಮಾಡಿತ್ತು. ಮೂಗಿನಿಂದ ಒಂದು ಉಸಿರು ಬಿಟ್ಟು ಕಂಪ್ಯೂಟರಿನ ಕಡೆ ತಿರುಗಿದಳು.

ಅವನ ಕೆಲಸದ ರೀತಿ ಸರಳ. ಎಂಟುನೂರ ಹನ್ನೆರಡು ಪುಟದ ಔಷಧ ಕೈಪಿಡಿ. ಒಂದು ಸಲ ಎತ್ತಿದರೆ ಸೊಂಟ ಹಿಡಿಯುತ್ತದೆ ಎಂದು ಆಸ್ಪತ್ರೆಯವರು ವಾರ್ಡಿಗೊಂದು ತುಂಡು ಕೇಳಿದ್ದರು. ಅವನು ಉದ್ದದ ಕಡತವನ್ನು ಮುಟ್ಟುತ್ತಿರಲಿಲ್ಲ. ಬೇರೆಯಾಗಿ ಒಂದು ಪಟ್ಟಿ ಬರೆಯುತ್ತಿದ್ದ. ಇಪ್ಪತ್ತೇಳು ಸಾಲು. ಒಂದೊಂದು ಸಾಲಿನಲ್ಲಿ ಎಲ್ಲಿಂದ, ಎಲ್ಲಿಯ ತನಕ, ತುಂಡಿನ ಹೆಸರೇನು. ಕೀ ಒತ್ತಿದರೆ ಉದ್ದದ ಕಡತದಿಂದ ಇಪ್ಪತ್ತೇಳು ಬೇರೆ ಬೇರೆ ಫೈಲು. ಆಮೇಲೆ ಯಾವುದಾದರೂ ಸಾಲು ತಿದ್ದಿದರೆ ಆ ಸಾಲಿನ ಫೈಲು ಮಾತ್ರ ಹೊಸದಾಗಿ ಹುಟ್ಟುತ್ತದೆ.

ಪೊಲೀಸರು ಪಟ್ಟಿ ನೋಡಿದ್ದರು. ಗಂಟೆ ನೋಡಿರಲಿಲ್ಲ.

"ಇಲ್ಲಿ ಬನ್ನಿ ಯಜಮಾನರೇ. ಇಪ್ಪತ್ತೈದು ಫೈಲು ಹುಟ್ಟಿದ್ದು ಸೋಮವಾರ ಬೆಳಗ್ಗೆ ಹತ್ತೂ ಕಾಲಿಗೆ. ಒಂದರ ಬೆನ್ನಿಗೆ ಒಂದು, ಎರಡು ನಿಮಿಷದೊಳಗೆ. ಈ ಎರಡು ಮಾತ್ರ ಬುಧವಾರ. ಮಧ್ಯಾಹ್ನ ಒಂದೂ ನಲವತ್ತಕ್ಕೆ. ಆ ಹೊತ್ತಿಗೆ ಅವನು ಎಲ್ಲಿರ್ತಾನೆ?"

"ಊಟಕ್ಕೆ. ಒಂದರಿಂದ ಎರಡು. ಹಿಂದಿನ ಮೆಟ್ಟಿಲ ಮೇಲೆ ಕೂತು ತಿಂತಾನೆ."

"ಯಾರ ಜೊತೆ?"

ಯಜಮಾನರು ಯೋಚಿಸಿದರು. ಯೋಚಿಸಬೇಕಾಗಿ ಬಂದದ್ದಕ್ಕೆ ನಾಚಿದಂತೆ ಕಂಡಿತು. "ಯಾರ ಜೊತೆಗೂ ಇಲ್ಲಮ್ಮ. ಅವನು ಯಾರನ್ನೂ ಕರೆಯಲ್ಲ. ನಾವೂ ಕರೆದದ್ದು ನೆನಪಿಲ್ಲ."

"ಹಾಗಾದರೆ ಈ ಕುರ್ಚಿ ಖಾಲಿ ಇತ್ತು."

"ಆದರೆ ಪೊಲೀಸರ ಹತ್ತಿರ ನಾನೇ ಇದ್ದೆ, ನಾನೇ ಮಾಡಿದೆ ಅಂದಿದ್ದಾನಲ್ಲ!"

"ಅದೇ ನನಗೂ ಅರ್ಥವಾಗದ್ದು," ಎಂದಳು ಕರಡಮ್ಮ. ಡ್ರಾಯರು ಎಳೆದಳು.

ಒಳಗಿದ್ದ ಕಾಗದಗಳೆಲ್ಲ ಮಟ್ಟಸವಾಗಿ ಮಲಗಿದ್ದವು. ಒಂದಕ್ಕೂ ಮಡಿಕೆ ಇಲ್ಲ. ಪುಟ ಜೋಡಿಸುವವರು ಕಾಗದ ಮಡಿಸುವುದಿಲ್ಲ, ಗೆರೆ ಬಿದ್ದರೆ ಅಳತೆ ತಪ್ಪುತ್ತದೆ ಎಂಬ ಭಯ. ಎಲ್ಲದರ ಅಡಿಯಲ್ಲಿ, ಡ್ರಾಯರಿನ ತಳಕ್ಕೆ ಹಾಸಿದ್ದ ಹಳೆಯ ಪೇಪರಿನ ಕೆಳಗೆ, ಒಂದು ಚೀಟಿ ಸಿಕ್ಕಿತು. ಎರಡು ಸಲ ಮಡಿಸಿದ್ದು. ಅಂಚಿಗೆ ಅಂಚು ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದೆ ಕೂತಿತ್ತು. ಮಡಿಕೆಯ ಮೇಲೆ ಉಗುರು ಓಡಿಸಿ ಒತ್ತಿದ ಹೊಳಪು.

ಬಿಡಿಸಿದಳು. ಮಸಿ ಮೆತ್ತಿದ ಬೆರಳಿನ ಗುರುತಿನ ನಡುವೆ ದಪ್ಪ ಅಕ್ಷರ. "ಹದಿನಾಲ್ಕರಲ್ಲಿ ಒಂದು ಪುಟ ಜಾಸ್ತಿ. ಹದಿನೈದಕ್ಕೆ ತಳ್ಳಿದರೆ ಒಂದು ಫಾರಂ ಉಳಿಯುತ್ತೆ. ಕಾಗದ ಕಡಿಮೆ ಬಂದಿದೆ. ಆಗೋದಾದರೆ ನೋಡು."

ಮೆಟ್ಟಿಲಿಳಿಯುವಾಗ ಕರಡಮ್ಮನ ಮೊಣಕಾಲು ಒಂದೊಂದು ಹೆಜ್ಜೆಗೂ ಗೊಣಗಿತು.

"ಬನ್ನಿ ಬನ್ನಿ ಕರಡಿ... ಕರಡಮ್ಮಾ!" ಮಿಷನ್ನಿನವನು ಸದ್ದಿನ ಮೇಲೆ ಕೂಗಿದ. ನಾಲಿಗೆ ಕಚ್ಚಿಕೊಂಡ.

"ಕರಡಿಯಮ್ಮಾ ಅನ್ನಪ್ಪ, ಪರವಾಗಿಲ್ಲ. ಕರಡಿಗೆ ಮೂಗು ಚುರುಕು." ಚೀಟಿಯನ್ನು ಅವನ ಮುಖದ ಮುಂದೆ ಹಿಡಿದಳು. "ಅಕ್ಷರ ನಿನ್ನದೇ ತಾನೆ?"

ಅವನು ಮಿಷನ್ನು ನಿಲ್ಲಿಸಿದ. ಸದ್ದು ನಿಂತ ಕೋಣೆ ಇದ್ದಕ್ಕಿದ್ದಂತೆ ದೊಡ್ಡದಾಯಿತು.

"ನನ್ನದೇ. ಅಲ್ಲ ಅನ್ನೋದಕ್ಕೆ ಬೆರಳೆಲ್ಲ ಅಲ್ಲೇ ಒತ್ತಿದ್ದೀನಲ್ಲ."

"ಬಿಡಿಸಿ ಹೇಳು."

"ನಮ್ಮ ಹಾಳೆ ಒಂದಕ್ಕೆ ಎಂಟು ಪುಟ ಅಚ್ಚಾಗುತ್ತೆ. ಅದನ್ನೇ ಫಾರಂ ಅನ್ನೋದು. ಎಂಟರ ಮಗ್ಗಿ ಬಿಟ್ಟು ನನಗೆ ಬೇರೆ ಮಗ್ಗಿ ಬರಲ್ಲ. ಹದಿನಾಲ್ಕನೆಯದು ಮುನ್ನೂರ ಎಂಬತ್ತೊಂಬತ್ತರಿಂದ ನಾನೂರ ಹದಿಮೂರರ ತನಕ. ಎಷ್ಟಾಯ್ತು?"

"ಇಪ್ಪತ್ತೈದು."

"ಮೂರೆಂಟ್ಲ ಇಪ್ಪತ್ನಾಲ್ಕು. ಮೇಲೆ ಒಂದು. ಆ ಒಂದು ಪುಟಕ್ಕೋಸ್ಕರ ನಾಲ್ಕನೇ ಫಾರಂ ಹಾಕಬೇಕು, ಏಳು ಪುಟ ಖಾಲಿ ಬಿಡಬೇಕು. ಹದಿನೈದನೆಯದು ನೋಡಿದರೆ ನಾನೂರ ಹದಿನೈದರಿಂದ ನಾನೂರ ಮೂವತ್ತಾರು, ಇಪ್ಪತ್ತೆರಡೇ. ಎರಡು ಪುಟದ ಜಾಗ ಖಾಲಿ. ಈ ಕೊನೇ ಪುಟ, ಅದರ ಹಿಂದಿನ ಖಾಲಿ ಮೈ, ಎರಡನ್ನೂ ಅಲ್ಲಿಗೆ ತಳ್ಳಿದರೆ ಅದೂ ಇಪ್ಪತ್ನಾಲ್ಕು, ಇದೂ ಇಪ್ಪತ್ನಾಲ್ಕು. ಕೈಗೆ ಬಳೆ ತೊಡಿಸಿದ ಹಾಗೆ ಕೂತ್ಕೊಳುತ್ತೆ."

"ತಳ್ಳೋ ಪುಟದಲ್ಲಿ ಏನು ಬರೆದಿದೆ ಅಂತ ನೋಡಿದೆಯಾ?"

ಅವನು ಮಸಿ ಬಟ್ಟೆಯಿಂದ ಕೈ ಒರೆಸಿಕೊಂಡ. ಒರೆಸಿದ್ದನ್ನೇ ಮತ್ತೆ ಒರೆಸಿದ.

"ನಾನು ಪುಟ ಎಣಿಸೋನಮ್ಮ. ಓದೋನಲ್ಲ." ಆಮೇಲೆ, ಸಣ್ಣ ದನಿಯಲ್ಲಿ, "ಹನ್ನೊಂದು ದಿನದಿಂದ ಅದನ್ನೇ ಓದ್ತಾ ಇದ್ದೀನಿ. ಆಗೋದಾದರೆ ನೋಡು ಅಂತ ಬರೆದಿದ್ದೆ. ಮಾಡೇ ಮಾಡು ಅಂತ ಬರೆದಿರಲಿಲ್ಲ. ಆಗಲ್ಲ ಅಂದಿದ್ದರೆ ಸುಮ್ಮನಾಗ್ತಿದ್ದೆ."

"ಯಾರ ಕೈಗೆ ಕೊಟ್ಟೆ?"

"ಯಾರ ಕೈಗೂ ಇಲ್ಲ. ಊಟದ ಹೊತ್ತು, ಮೇಲೆ ನರಪಿಳ್ಳೆ ಇರಲಿಲ್ಲ. ಮೇಜಿನ ಮೇಲಿಟ್ಟು ಬಂದೆ. ಎರಡು ಗಂಟೆಗೆ ನೋಡಿದರೆ ಫೈಲು ಕೆಳಗೆ ಬಂದಿತ್ತು. ಅಲ್ಪವಿರಾಮ ಮಾಡಿದ ಅಂದ್ಕೊಂಡು ಮಿಷನ್ನಿಗೆ ಹಾಕಿದೆ."

"ಮಡಿಸಿ ಇಟ್ಟೆಯಾ?"

"ನಾನಾ? ನನ್ನ ಲುಂಗಿನೇ ನಾನು ಮಡಿಸಿಡಲ್ಲ. ಅಂಗೈಯಲ್ಲಿ ತಟ್ಟಿ ಹಾಗೇ ಇಟ್ಟೆ."

"ಮಡಿಸೋ ಕೋಣೆಯ ಹೆಂಗಸರು ಮೂವರಿದ್ದಾರಲ್ಲ, ಅವರು?"

"ಮೂವರೂ ಇಲ್ಲೇ ನನ್ನ ಎದುರಿಗೇ ಕೂತು ತಿಂತಾ ಇದ್ದರು. ನನ್ನ ಡಬ್ಬಿಯ ಪಲ್ಯಕ್ಕೆ ಹೆಸರಿಡ್ತಾ ಇದ್ದರು. ಯಾರೂ ಏಳಲಿಲ್ಲ."

ಅವನು ಚೀಟಿ ಇಸಿದುಕೊಂಡು ಅದರ ಗೆರೆಗಳ ಮೇಲೇ ಮತ್ತೆ ಮಡಿಸಿದ. ಕಣ್ಣಿನ ಮಟ್ಟಕ್ಕೆ ಹಿಡಿದು ಅಂಚು ನೋಡಿದ. ಮುಖದ ನಗು ಮೆಲ್ಲಗೆ ಇಳಿಯಿತು.

"ಅಮ್ಮಾ. ಇಂಥಾ ಮಡಿಕೆ ಹಾಕೋರು ಈಗ ಇಲ್ಲಿ ಯಾರೂ ಇಲ್ಲ."

"ಇದ್ದರಾ?"

"ಒಬ್ಬಳಿದ್ದಳು. ಇಪ್ಪತ್ತೆರಡು ವರ್ಷ ಫಾರಂ ಮಡಿಸಿದಳು. ಬೆರಳು ಸೆಟೆದುಕೊಂಡ ಮೇಲೆ ಆರು ತಿಂಗಳು ಮೇಲಿನ ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತು ಪುಟದ ಸಂಖ್ಯೆ ಕೂಗ್ತಿದ್ದಳು. ಮೂರು ವರ್ಷ ಆಯ್ತು, ಅದೂ ಬಿಟ್ಟು ಮನೆ ಸೇರಿ." ಅವನು ಕರಡಮ್ಮನ ಮುಖ ನೋಡಲಿಲ್ಲ. "ನಿಮಗೆ ಗೊತ್ತಿರೋಳೇ."

ಠಾಣೆಯ ಹೊರಗಿನ ಬೆಂಚಿನ ಮೇಲೆ ಅಲ್ಪವಿರಾಮನ ಅಕ್ಕ ಕೂತಿದ್ದಳು. ಸಂಜೆಯ ಐದು ಗಂಟೆ. ಮಡಿಲಲ್ಲಿ ಬಟ್ಟೆ ಸುತ್ತಿದ ಊಟದ ಡಬ್ಬಿ. ಒಳಗೆ ಕೊಡಲು ಬಿಟ್ಟಿರಲಿಲ್ಲ. ನಾಲ್ಕು ದಿನದಿಂದ ಅದೇ ಡಬ್ಬಿ ಬರುತ್ತಿತ್ತು, ಅದೇ ಡಬ್ಬಿ ಹೋಗುತ್ತಿತ್ತು.

"ಏನಾದ್ರೂ ಸಿಕ್ತಾ, ಕರಡಮ್ಮನವರೇ?"

"ಸಿಗ್ತಾ ಇದೆ."

"ಸಿಗ್ತಾ ಇದೆ ಅಂದ್ರೆ? ಯಾರು ಅಂತ ಹೆಸರು ಹೇಳಿ ಸಾಕು. ನಾನೇ ಹೋಗಿ ಜುಟ್ಟು ಹಿಡಿದು ಎಳ್ಕೊಂಡು ಬರ್ತೀನಿ. ಬೆರಳು ನೆಟ್ಟಗಿಲ್ಲದಿದ್ದರೇನು, ಜುಟ್ಟು ಹಿಡಿಯೋಕೆ ಬಗ್ಗಿರೋ ಬೆರಳೇ ಒಳ್ಳೇದು."

ಕರಡಮ್ಮ ಪಕ್ಕದಲ್ಲಿ ಕೂತಳು. ಬೆಂಚು ಇಬ್ಬರ ಭಾರಕ್ಕೆ ಕಿರುಗುಟ್ಟಿತು.

"ನೀನು, ಅವನು, ಒಂದೇ ಮನೆಯಲ್ಲಾ?"

"ಒಂದೇ ಮನೆ. ಎರಡು ಕೋಣೆ, ಎರಡು ಒಲೆ. ಎರಡು ವರ್ಷ ಮಾತು ಬಿಟ್ಟಿದ್ವಿ. ರಾತ್ರಿ ನಾನು ಕೆಮ್ಮಿದರೆ ಅವನು ರೇಡಿಯೋ ಸದ್ದು ತಗ್ಗಿಸೋನು. ಅಷ್ಟೇ ನಮ್ಮ ಮಾತುಕತೆ. ಒಂದೊಂದು ಸಲ ಕೆಮ್ಮು ಇಲ್ಲದಿದ್ದರೂ ಕೆಮ್ತಿದ್ದೆ."

"ಮತ್ತೆ ಹೇಗೆ ಕೂಡಿಕೊಂಡ್ರಿ?"

"ನಾನೇ ಸೋತೆ. ಹೋದ ತಿಂಗಳು ಒಂದು ಬುಧವಾರ ಅಡಿಗೆ ಮಾಡಿ, ಡಬ್ಬಿ ಕಟ್ಕೊಂಡು, ಪ್ರೆಸ್ಸಿಗೇ ಹೋದೆ. ಹೋದರೆ ಮೂಲೆ ಖಾಲಿ. ಮೆಟ್ಟಿಲ ಕಡೆ ಹೋಗಿದ್ದನೋ ಏನೋ. ಅವನ ಕುರ್ಚಿಯಲ್ಲಿ ಕೂತೆ." ಅವಳ ಮುಖ ಬೆಳಗಿತು. "ಮಿಷನ್ನಿನವನ ಚೀಟಿ ಇತ್ತು ಅಲ್ಲಿ. ಅವನು ಬರೋದರೊಳಗೆ ಆ ಕೆಲಸ ನಾನೇ ಮುಗಿಸಿಟ್ಟೆ. ಎರಡು ಸಂಖ್ಯೆ ತಿದ್ದೋದು, ಅದೇನು ಮಹಾ. ಎಂಟರ ಲೆಕ್ಕ ನನ್ನ ಕೈಯಲ್ಲೇ ಇದೆ.

"ಬಂದ, ನೋಡಿದ, ನಕ್ಕ. ಎರಡು ವರ್ಷದ ಮೇಲೆ ನನ್ನ ತಮ್ಮ ನನ್ನ ಮುಖ ನೋಡಿ ನಕ್ಕ. ಇಬ್ಬರೂ ಆ ಮೆಟ್ಟಿಲ ಮೇಲೇ ಕೂತು ಉಂಡ್ವಿ."

ಕರಡಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. ನಲವತ್ತು ವರ್ಷದಲ್ಲಿ ಸಾವಿರಾರು ತಪ್ಪಿನ ಕೆಳಗೆ ಗೆರೆ ಎಳೆದವಳು. ಇದರ ಕೆಳಗೆ ಎಳೆಯುವ ಮೊದಲು ಇನ್ನೊಂದು ಪ್ರಶ್ನೆ ಬೇಕಿತ್ತು.

"ಪೊಲೀಸಿನವರು ನಿನಗೆ ಏನಂತ ಹೇಳಿದ್ದಾರೆ?"

"ಪುಟ ಬಿಟ್ಟುಬಿಟ್ಟ ಅಂತ. ಯಾವ ಪುಟ, ಏನು, ನನಗೇನು ಹೇಳ್ತಾರೆ." ಡಬ್ಬಿಯ ಬಟ್ಟೆಯನ್ನು ಬಾಗಿದ ಬೆರಳುಗಳಿಂದ ಅಂಚಿಗೆ ಅಂಚು ಕೂಡಿಸಿ ಮಡಿಸುತ್ತಿದ್ದವಳು ನಿಲ್ಲಿಸಿದಳು. "ಯಾಕೆ ಹಾಗೆ ನೋಡ್ತೀರಿ?"

"ಕರಡಮ್ಮ ಯಾರ್ರೀ?" ಒಳಗಿನಿಂದ ಪೇದೆ ಕೂಗಿದ. "ಹತ್ತು ನಿಮಿಷ. ಹನ್ನೊಂದಾಗಬಾರದು."

"ಯಾಕೆ ಹಾಗೆ ನೋಡಿದ್ರಿ, ಹೇಳಿ ಹೋಗಿ," ಎಂದಳು ಅಕ್ಕ.

ಕರಡಮ್ಮ ಎದ್ದು ಒಳಗೆ ಹೋದಳು.

ಕಂಬಿಯ ಆಚೆ ಅಲ್ಪವಿರಾಮ ಗೋಡೆಗೆ ಮುಖ ಮಾಡಿ ಕೂತಿದ್ದ. ಅಭ್ಯಾಸ. ಹೆಜ್ಜೆ ಸದ್ದಿಗೆ ತಿರುಗಿದ. ಕರಡಮ್ಮ ಮಾತಾಡದೆ ಚೀಟಿಯನ್ನು ಕಂಬಿಯ ನಡುವೆ ಹಿಡಿದಳು.

"ಎಲ್ಲಿ, ಸಿಕ್ತು?"

"ನೀನು ಬಚ್ಚಿಟ್ಟ ಕಡೆ. ಹರಿದು ಹಾಕಬಹುದಿತ್ತಲ್ಲ. ನನ್ನ ಕೆಲಸ ಕಷ್ಟವಾಗ್ತಿತ್ತು."

"ಆಗಲಿಲ್ಲ."

"ಯಾಕೆ?"

"ಅವಳು, ಮಡಿಸಿದ್ದು."

ಕರಡಮ್ಮ ಕಂಬಿ ಹಿಡಿದುಕೊಂಡಳು. ತಣ್ಣಗಿತ್ತು.

"ಬಂದು ನೋಡಿ ನಕ್ಕೆಯಂತೆ. ಆ ಪುಟ ತೆಗೆದು ನೋಡಲಿಲ್ಲವಾ?"

"ಇಪ್ಪತ್ತು ವರ್ಷದಲ್ಲಿ, ಒಂದು ಫೈಲೂ, ನೋಡದೆ ಕೆಳಗೆ ಕಳಿಸಿರಲಿಲ್ಲ." ಅವನು ತನ್ನ ಅಂಗೈ ನೋಡಿಕೊಂಡ. "ಆ ದಿನ, ಊಟ ಆರಿಹೋಗುತ್ತೆ ಬಾ, ಅಂದಳು. ಹೋದೆ."

"ಹಾಗಾದರೆ ಅದನ್ನೇ ಹೇಳಪ್ಪ ನಾಳೆ. ಕೈ ಅವಳದು, ನೋಡಬೇಕಾದ ಕಣ್ಣು ನಿನ್ನದು. ಇಬ್ಬರೂ ತಿಳಿಯದೆ ಮಾಡಿದ್ದು. ನ್ಯಾಯಾಧೀಶರೂ ಮನುಷ್ಯರೇ, ಅವರಿಗೂ ಅಕ್ಕತಂಗಿಯರು ಇರ್ತಾರೆ. ಎಲ್ಲ ನಿನ್ನ ತಲೆಗೆ ಎಳ್ಕೊಂಡರೆ ಎಷ್ಟು ವರ್ಷ ಅಂತ ಗೊತ್ತಾ ನಿನಗೆ?"

"ಅವಳ ಹೆಸರು, ಬರಬಾರದು."

"ನಾನು ಹೇಳೋಳೇ. ಬುಧವಾರದ ಫೈಲು ಇದೆ, ಚೀಟಿ ಇದೆ, ಮಿಷನ್ನಿನವನು ಇದ್ದಾನೆ. ತಪ್ಪು ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಕೂರೋಕೆ ನನಗೆ ಬರಲ್ಲ."

"ಹೇಳಿದರೆ," ಅವನು ಎದ್ದು ಕಂಬಿಯ ಹತ್ತಿರ ಬಂದ, "ನಾನು ಬೇಕಂತಲೇ ಮಾಡಿದೆ, ಅಂತ ಬರೆದುಕೊಡ್ತೀನಿ."

"ತಲೆ ಕೆಟ್ಟಿದೆಯಾ? ಯಾವನು ನಂಬ್ತಾನೆ? ಆ ಹೊಲಿಗೆಯವಳನ್ನ ಕೊಲ್ಲೋಕೆ ನಿನಗೇನು ಬಂದಿತ್ತು? ಅವಳ ಮುಖವಾದರೂ ಕಂಡಿದ್ದೀಯಾ?"

ಅವನು ನಿಂತುಬಿಟ್ಟ. ಕರಡಮ್ಮ ಕಾದಳು. ಕಾಯುವುದು ಅವಳಿಗೆ ಹೊಸದಲ್ಲ.

"ಕಂಡಿದ್ದೀನಿ," ಎಂದ ಕೊನೆಗೆ. "ಎರಡು ವರ್ಷದ ಹಿಂದೆ, ಮದುವೆ ಆಗೋಣ ಅಂತ, ನಮ್ಮಿಬ್ಬರಲ್ಲಿ, ಮಾತಾಗಿತ್ತು."

ಹೊರಗೆ ಯಾರದೋ ಸೈಕಲ್ಲಿನ ಗಂಟೆ ಕಿಣಿಗುಟ್ಟಿತು, ದೂರವಾಯಿತು.

"ಅಕ್ಕ ಬೇಡ ಅಂದಳು," ಎಂದಳು ಕರಡಮ್ಮ. ಕೇಳಿದ್ದಲ್ಲ, ಹೇಳಿದ್ದು.

"ಕಾಯಿಲೆಯವಳು, ಅಂದಳು. ತಿಂಗಳಿಗೊಂದು ಸಲ ಸೂಜಿ ಚುಚ್ಚಿಸಿಕೊಳ್ಳೋಳನ್ನ, ಕಟ್ಟಿಕೊಂಡು, ನೀನೇನು ಸುಖಪಡ್ತೀಯ, ಅಂದಳು. ಆವತ್ತಿಂದ, ಮಾತು ಬಿಟ್ವಿ."

"ಅಂದರೆ ಅವಳು ಯಾವ ವಾರ್ಡಿಗೆ ಹೋಗ್ತಾಳೆ, ಏನು ಚುಚ್ಚಿಸಿಕೊಳ್ತಾಳೆ, ಎಲ್ಲ ಅಕ್ಕನಿಗೆ ಗೊತ್ತಿತ್ತು."

ಅವನು ತಲೆ ತಗ್ಗಿಸಿದ.

ಬೆಂಚಿನ ಮೇಲಿನ ಆ ಬೆಳಗಿದ ಮುಖ ಕರಡಮ್ಮನ ಕಣ್ಣ ಮುಂದೆ ಬಂತು. ಅದು ತಮ್ಮ ನಕ್ಕ ಸಂತೋಷವೋ? ಬೇರೆಯದೋ? ಯಾವ ಕರಡಿನಲ್ಲೂ ಇಷ್ಟು ಸಣ್ಣ ವ್ಯತ್ಯಾಸ ಅವಳು ಕಂಡಿರಲಿಲ್ಲ.

"ಆ ಮೂರು ಸಾಲನ್ನ ಅವಳು ಓದಿದ್ದಳಾ?"

"ಕೇಳಿಲ್ಲ." ಅವನ ಎರಡೂ ಕೈ ಕಂಬಿಯ ಮೇಲಿದ್ದವು. "ನೀವೂ, ಕೇಳಬೇಡಿ. ಓದಿರಲಿಲ್ಲ ಅಂತ, ನಾನು ಬದುಕಿರೋ ತನಕ, ಅಂದ್ಕೊಂಡಿರ್ತೀನಿ. ಅವಳು ಬಿಟ್ಟರೆ ನನಗೆ, ಕೆಮ್ಮೋರು ಕೂಡ, ಯಾರೂ ಇಲ್ಲ."

"ಹತ್ತು ನಿಮಿಷ ಆಯ್ತು!" ಪೇದೆಯ ದನಿ.

"ಸತ್ತವಳಿಗೆ ಯಾರಿದ್ದಾರೆ?" ಎಂದು ಕೇಳಿದಳು ಕರಡಮ್ಮ.

"ನಾನಿದ್ದೆ," ಎಂದ. ಆಮೇಲೆ ಅವಳ ಭುಜದ ಮೇಲಿಂದ ಪೇದೆಯನ್ನು ನೋಡಿ, ಯಾವತ್ತೂ ಏರಿಸದ ದನಿ ಏರಿಸಿದ. "ಸ್ವಾಮೀ, ಒಂದು ಕಾಗದ, ಕೊಡಿ. ಈಗಲೇ, ಬರೆಸ್ತೀನಿ."

"ತಡಿಯಪ್ಪ," ಎಂದಳು ಕರಡಮ್ಮ. "ನಾಳೆ ಹನ್ನೊಂದರ ತನಕ ಸಮಯವಿದೆ. ನಾನಿನ್ನೂ ಬಾಯಿ ಬಿಟ್ಟಿಲ್ಲ."

"ಬಿಡ್ತೀರಿ. ನಿಮ್ಮನ್ನ, ನನಗೆ ಗೊತ್ತು."

ಅವಳು ಬೇಗ ಬೇಗ ಹೊರಬಂದಳು. ಮೊದಲು ಅಕ್ಕನನ್ನು ನೋಡಬೇಕು, ಒಂದೇ ಒಂದು ಪ್ರಶ್ನೆ ಕೇಳಬೇಕು, ಕೇಳುವುದೋ ಬಿಡುವುದೋ ಎಂದು ಬೆಂಚು ಮುಟ್ಟುವುದರೊಳಗೆ ತೀರ್ಮಾನಿಸಬೇಕು.

ಬೆಂಚಿನ ಮೇಲೆ ಡಬ್ಬಿ ಮಾತ್ರ ಇತ್ತು.

"ಇಲ್ಲಿದ್ದ ಹೆಂಗಸು ಎಲ್ಲಿ?"

ಪೇದೆ ಅಗಲವಾದ ಪುಸ್ತಕವೊಂದನ್ನು ಕಂಕುಳಲ್ಲಿ ಇಟ್ಟುಕೊಂಡು, ಪೆನ್ನಿನ ಮೂತಿ ಅಂಗೈಗೆ ಗೀಚಿ ನೋಡುತ್ತಾ ಬಂದ. ಇನ್ಸ್‌ಪೆಕ್ಟರ ಕೋಣೆಯ ಮುಚ್ಚಿದ ಬಾಗಿಲಿನ ಕಡೆ ಗದ್ದ ತೋರಿಸಿದ.

"ನೀವು ಒಳಗೆ ಹೋದ ಬೆನ್ನಿಗೇ ಎದ್ದು ಬಂದಳು. ಏನೋ ಹೇಳಿಕೆ ಕೊಡಬೇಕಂತೆ, ಈಗಲೇ ಕೊಡಬೇಕಂತೆ. ನೋಡಿದರೆ ಅಲ್ಲಿ ಅವನೂ ಕಾಗದ ಕಾಗದ ಅಂತಿದ್ದಾನೆ."

ಅವನು ಒಂದು ಬಾಗಿಲು ನೋಡಿದ, ಇನ್ನೊಂದು ಬಾಗಿಲು ನೋಡಿದ. ನಡುವೆ ನಿಂತಿದ್ದ ಕರಡಮ್ಮನನ್ನು ನೋಡಿದ.

"ಈ ಠಾಣೆಯಲ್ಲಿ ಬರೆದುಕೊಳ್ಳೋನು ನಾನೊಬ್ಬನೇ. ನೀವೇ ಹೇಳಿ ಅಮ್ಮಾ, ಯಾರದನ್ನ ಮೊದಲು ಬರ್ಕೊಳ್ಳಲಿ?"